ಕೀಮೋ ಬೇಡ ಅಂದ ಕ್ಲಿನಿಕ್‌ಗೆ ನಾಲ್ಕು ಸ್ಟಾರ್

ತುಮಕೂರಿನ ಈ ಕ್ಯಾನ್ಸರ್ ಕ್ಲಿನಿಕ್‌ಗೆ ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಕಾಯಿಸಿದ್ದಕ್ಕೆ. ಟೋಕನ್ ಏನೋ ಕೊಡ್ತಾರೆ, ಅದಕ್ಕೂ ಒಳಗೆ ಕರೆಯೋದಕ್ಕೂ ಸಂಬಂಧವೇ ಇಲ್ಲ. ಉಳಿದ ನಾಲ್ಕೂ ಡಾಕ್ಟರಿಗೆ.

ಅಪ್ಪನಿಗೆ ಲಿವರ್ ಕ್ಯಾನ್ಸರ್. ಬೆಂಗಳೂರಿನಲ್ಲಿ ಗಡ್ಡೆ ತೆಗೆಸಿಕೊಂಡು ಊರಿಗೆ ಬಂದ ಮೇಲೆ ನೋಡೋಕೆ ಬಂದ ನೆಂಟರದ್ದೆಲ್ಲ ಒಂದೇ ಮಾತು, ಕೀಮೋ ಕೊಡಿಸಿಲ್ವಾ, ಮತ್ತೆ ಬಂದರೆ ಏನ್ಮಾಡ್ತೀರಾ ಅಂತ. ಅಪ್ಪನಿಗೂ ಅದೇ ಕೊರೆತ. ಕುರ್ಚಿಯಲ್ಲಿ ಕೂತ ಕೂಡಲೇ "ಕೀಮೋ ಕೊಟ್ಬಿಡಿ ಡಾಕ್ಟ್ರೇ, ಬುಡಸಮೇತ ಹೋಗ್ಲಿ" ಅಂದರು.

ಡಾಕ್ಟರು ಮೊದಲು ಕೇಳಿದ್ದು ಬಯಾಪ್ಸಿ ರಿಪೋರ್ಟ್. ಸಣ್ಣ ರಕ್ತನಾಳಗಳ ಒಳಗೆ ಕ್ಯಾನ್ಸರ್ ಹೊಕ್ಕಿದೆಯಾ ಅನ್ನೋ ಸಾಲಿನ ಮೇಲೆ ಪೆನ್ನಿಟ್ಟು ಓದಿದರು. ಇಲ್ಲ ಅಂತಿತ್ತು. ಆಮೇಲೆ ಸುತ್ತಿ ಬಳಸದೆ ಹೇಳಿದರು: "ಯಜಮಾನ್ರೇ, ಈ ಕಾಯಿಲೆ 5 ವರ್ಷದೊಳಗೆ ನೂರಕ್ಕೆ 70 ಜನರವರೆಗೂ ಮರುಕಳಿಸುತ್ತೆ, ಸುಳ್ಳು ಹೇಳಲ್ಲ. ಆದರೆ ಆಪರೇಶನ್ ಆದ ಮೇಲೆ ಕೀಮೋ ಕೊಟ್ಟರೆ ಅದು ತಪ್ಪುತ್ತೆ ಅಂತ ಸಾಬೀತಾಗಿಲ್ಲ." ಆಪರೇಶನ್ ಆದವರಿಗೆ ಸೊರಾಫೆನಿಬ್ ಅನ್ನೋ ಕ್ಯಾನ್ಸರ್ ಮಾತ್ರೆ ಕೊಟ್ಟು ನೋಡಿದ ದೊಡ್ಡ ಅಧ್ಯಯನ 2015ರಲ್ಲೇ ಕೈಕೊಟ್ಟಿತಂತೆ. 2023ರಲ್ಲಿ ಎರಡು ಇಂಜೆಕ್ಷನ್ ಸೇರಿಸಿ ಕೊಟ್ಟಾಗ ಮೊದಲು ಚೆನ್ನಾಗಿ ಕಂಡ ಲಾಭವೂ ಆಮೇಲೆ ಉಳಿಯಲಿಲ್ಲವಂತೆ. ದೊಡ್ಡ ಕರುಳಿನಿಂದ ಲಿವರ್‌ಗೆ ಹರಡಿದ ಕ್ಯಾನ್ಸರ್ ಲೆಕ್ಕ ಬೇರೆ, ಪಿತ್ತನಾಳದ್ದೂ ಬೇರೆ. ಪಿತ್ತನಾಳದ ಕ್ಯಾನ್ಸರ್‌ಗೆ ಆಪರೇಶನ್ ಆದ ಮೇಲೆ 6 ತಿಂಗಳು ಕ್ಯಾಪೆಸಿಟಬಿನ್ ಅನ್ನೋ ಕೀಮೋ ಮಾತ್ರೆ ಕೊಡ್ತಾರೆ. ಪಕ್ಕದ ಮನೆಯವರಿಗೆ ಕೀಮೋ ಕೊಟ್ಟರು ಅಂತ ನಮಗೂ ಬೇಕು ಅನ್ನೋದು ಹಾಗಾಗಿ ಸುಮ್ನೆ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ಅಪ್ಪನಿಗೆ ಹೆಪಟೈಟಿಸ್ ಬಿ ಇದೆ ಅಂತ ಫೈಲಿನಲ್ಲೇ ಇತ್ತು, ಅದಕ್ಕೆ ಮಾತ್ರೆ ಮಾತ್ರ ಯಾರೂ ಬರೆದಿರಲಿಲ್ಲ. ಇವರು ವೈರಸ್ ಎಷ್ಟಿದೆ ಅಂತ ರಕ್ತ ಪರೀಕ್ಷೆ ಮಾಡಿಸಿ ಟೆನೊಫೊವಿರ್ ಶುರು ಮಾಡಿದರು. ದಿನಕ್ಕೊಂದು, ನಾವಾಗಿ ನಿಲ್ಲಿಸೋ ಹಾಗಿಲ್ಲ. ವೈರಸ್ ಹತೋಟಿಯಲ್ಲಿದ್ದರೆ ಕ್ಯಾನ್ಸರ್ ಮತ್ತೆ ಬರೋ ಸಾಧ್ಯತೆಯೂ ಕಡಿಮೆಯಾಗುತ್ತೆ. ಕುಡಿತ ಪೂರ್ತಿ ಬಂದ್ ಅಂದಾಗ ಅಪ್ಪ ಮೇಲೆ ಫ್ಯಾನ್ ನೋಡ್ತಾ ಕೂತರು. ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್, ಜೊತೆಗೆ ಲಿವರ್ ಕ್ಯಾನ್ಸರ್ ಸುಳಿವು ಕೊಡೋ ಎಎಫ್‌ಪಿ ಅನ್ನೋ ರಕ್ತ ಪರೀಕ್ಷೆ. ಮತ್ತೆ ಬಂದರೂ ಚಿಕ್ಕದಿರುವಾಗಲೇ ಸಿಕ್ಕರೆ ದಾರಿಗಳು ಜಾಸ್ತಿ, ಅಲ್ವಾ?

ಹೋಗೋರು ಬಯಾಪ್ಸಿ ರಿಪೋರ್ಟ್, ಸ್ಕ್ಯಾನ್ ಸಿಡಿ ಎರಡೂ ತಗೊಂಡು ಹೋಗಿ. ತಿಂಡಿ ತಿಂದೇ ಹೋಗಿ, ಕಾಯೋದಂತೂ ತಪ್ಪಲ್ಲ.