ಹಂಪಿಯ ಹೊಳೆಯಲ್ಲಿ ಒಂದು ದಿನ: ಹರಿಗೋಲೋ, ಮೋಟರ್ ಬೋಟೋ, ಸಾಣಾಪುರದ ಕೆರೆಯೋ?

ಮೊದಲೇ ಹೇಳಿಬಿಡುತ್ತೇನೆ. ಹಂಪಿಗೆ ಒಂದೇ ದಿನ ಸಿಕ್ಕಿದೆ, ಅದರಲ್ಲಿ ಒಂದಿಷ್ಟು ಹೊತ್ತು ತುಂಗಭದ್ರೆಯ ಮೇಲೆ ಕಳೆಯಬೇಕು ಅನ್ನುವವರು ಚಕ್ರತೀರ್ಥದಲ್ಲಿ ಹರಿಗೋಲು (ಬುಟ್ಟಿಯಂಥ ದುಂಡು ದೋಣಿ) ಹತ್ತಿ ವಿಠ್ಠಲ ಗುಡಿಯ ಕಡೆಯ ಪುರಂದರ ಮಂಟಪದ ಹತ್ತಿರ ಇಳಿಯಿರಿ. ಆನೆಗೊಂದಿಯಿಂದ ನವವೃಂದಾವನದ ನಡುಗಡ್ಡೆಗೆ ಹೋಗುವ ಬೋಟ್ ನನ್ನ ಲೆಕ್ಕದಲ್ಲಿ ಎರಡನೆಯದು. ಸಾಣಾಪುರ ಕೆರೆಯ ತೆಪ್ಪ (ಅಲ್ಲಿ ಹರಿಗೋಲಿಗೆ ಹೇಳುವ ಹೆಸರು) ಮೂರನೆಯದು. ವಿರೂಪಾಕ್ಷನ ಗುಡಿಯ ಹಿಂದಿನ ಘಟ್ಟದಿಂದ ಎದುರು ದಡದ ವಿರೂಪಾಪುರ ಗಡ್ಡೆಗೆ ದಾಟಿಸುವ ಮೋಟರ್ ಬೋಟನ್ನು ವಿಹಾರ ಅನ್ನಲು ಬರುವುದಿಲ್ಲ. ಅದು ದಾಟಲು ಮಾತ್ರ, ಐದು ನಿಮಿಷದಲ್ಲಿ ಮುಗಿಯಿತು.

ಚಕ್ರತೀರ್ಥ ಯಾಕೆ? ಕೋದಂಡರಾಮ ಗುಡಿಯ ಮುಂದೆ ಹೊಳೆ ಬಂಡೆಗಳ ನಡುವೆ ಉತ್ತರಕ್ಕೆ ತಿರುಗುತ್ತದೆ. ಅಲ್ಲಿಂದ ವಿಠ್ಠಲ ಗುಡಿಯ ತನಕ ಎರಡೂ ದಡದಲ್ಲಿ ಬಂಡೆ, ಮಂಟಪ, ಕೆತ್ತನೆ ಬಿಟ್ಟರೆ ಬೇರೇನೂ ಅಡ್ಡ ಬರುವುದಿಲ್ಲ. ನೀರಿನ ತಳದಲ್ಲೂ ಬಂಡೆಗಳೇ. ಮೋಟರ್ ಬೋಟಿನ ಫ್ಯಾನು ಇಂಥ ಕಡೆ ತಗುಲಿ ಮುರಿಯುತ್ತದೆ. ಹರಿಗೋಲಿನ ತಳದಿಂದ ಕೆಳಕ್ಕೆ ಚಾಚಿಕೊಂಡದ್ದು ಏನೂ ಇಲ್ಲ. ಒಂದು ಮೊಳ ನೀರಿದ್ದರೂ ಬಂಡೆಯ ಬೆನ್ನು ಸವರಿಕೊಂಡು ಜಾರಿ ಹೋಗುತ್ತದೆ. ಹಾಗಾಗಿಯೇ ನೀರಿನ ಮೇಲಿಂದ ಕೋಟಿಲಿಂಗದ ಬಂಡೆಗೆ ಕೈಯಳತೆಯಷ್ಟು ಹತ್ತಿರ ಹೋಗಲು ಇದೇ ಸರಿ. ಇಳಿಜಾರು ಬಂಡೆಯ ಮೇಲೆ 1008 ಲಿಂಗಗಳ ಒಂದು ಗುಂಪು, 108ರ ಇನ್ನೊಂದು. ಸಾಲು ಬಿಡದೆ ಕೊರೆದ ಪುಟ್ಟ ಲಿಂಗಗಳು, ಒಂದೊಂದಕ್ಕೂ ಅದರದೇ ಪಾಣಿಪೀಠ. ಬೆಳಗಿನ ಎಂಟರೊಳಗೆ ಬಿಸಿಲು ಓರೆಯಾಗಿ ಬೀಳುವಾಗ ಪ್ರತಿಯೊಂದರ ನೆರಳೂ ಬೇರೆಬೇರೆಯಾಗಿ ಕಾಣುತ್ತದೆ. ನಡುಹಗಲಲ್ಲಿ ಅದೇ ಬಂಡೆ ಚಪ್ಪಟೆ.

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಇಲ್ಲಿ ಕಂಡು ಬರೆದದ್ದೂ ಇದೇ ದೋಣಿಯನ್ನು: ಬುಟ್ಟಿಯಂತೆ ದುಂಡು, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತದೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ. ಈಗ ತೊಗಲಿನ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಸುತ್ತುವುದು ಮಾತ್ರ ಹಾಗೇ ಇದೆ. ಅಂಬಿಗ ಒಂದೇ ಹುಟ್ಟನ್ನು ಮುಂದಿನಿಂದ ತನ್ನ ಕಡೆಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದು ಅದನ್ನು ಹದ್ದುಬಸ್ತಿನಲ್ಲಿಡಬೇಕು.

ಇನ್ನು ಇದರ ಒಂದೇ ತೊಂದರೆ. ಅದು ಸಣ್ಣದಲ್ಲ, ಆದ್ದರಿಂದ ವಿವರವಾಗಿ ಹೇಳಬೇಕು. ಇಲ್ಲಿನ ಹೊಳೆ ಮಳೆಗಿಂತ ಹೆಚ್ಚಾಗಿ ಅಣೆಕಟ್ಟಿನ ಮಾತು ಕೇಳುತ್ತದೆ. ಹೊಸಪೇಟೆಯ ತುಂಗಭದ್ರಾ ಜಲಾಶಯ ಹಂಪಿಗೆ ಮೇಲ್ಗಡೆ, ತೀರ ಹತ್ತಿರ. ಅದರ 33 ಕ್ರಸ್ಟ್ ಗೇಟುಗಳಲ್ಲಿ ಕೆಲವನ್ನು ಎತ್ತಿದರೂ ಕೆಲವೇ ಗಂಟೆಯಲ್ಲಿ ಇಲ್ಲಿ ನೀರು ಏರುತ್ತದೆ. ನೀರು ಹೆಚ್ಚಾದರೆ ಕೋಟಿಲಿಂಗ, ಪುರಂದರ ಮಂಟಪ ಎರಡೂ ಮುಳುಗುತ್ತವೆ. ಅಷ್ಟರೊಳಗೆ ಹರಿಗೋಲು ನಿಲ್ಲಿಸಿರುತ್ತಾರೆ, ನಿಲ್ಲಿಸಲೇಬೇಕು. ಜುಲೈಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹರಿಗೋಲನ್ನೇ ನೆಚ್ಚಿಕೊಂಡು ಬೆಂಗಳೂರಿನಿಂದ ರಾತ್ರಿ ರೈಲು ಹತ್ತಬೇಡಿ. ಏಪ್ರಿಲ್, ಮೇನಲ್ಲಿ ತದ್ವಿರುದ್ಧ: ನಡುನಡುವೆ ಬಂಡೆ ಮೇಲೆದ್ದು, ಇಳಿದು ನಡೆದು ಮತ್ತೆ ಹತ್ತಬೇಕಾಗುತ್ತದೆ. ನವೆಂಬರ್‌ನಿಂದ ಫೆಬ್ರವರಿ ಹದವಾದ ಕಾಲ.

ಹೊರಡುವ ಮುನ್ನ ಪೇಪರಿನಲ್ಲಿ ಬರುವ ಜಲಾಶಯದ ಮಟ್ಟ ನೋಡುವವರು ಬಹಳ. ಆದರೆ ಅಲ್ಲಿ ‘ಹೊರಹರಿವು’ ಎಂದು ಕೊಡುವ ಕ್ಯೂಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ) ಲೆಕ್ಕದಲ್ಲಿ ಎಡದಂಡೆ, ಬಲದಂಡೆ ಕಾಲುವೆಗಳಿಗೆ ಬಿಟ್ಟ ನೀರೂ ಸೇರಿರುತ್ತದೆ. ಹೊರಹರಿವು ಜಾಸ್ತಿ ಕಂಡಿತೆಂದು ಪ್ರವಾಸ ರದ್ದು ಮಾಡಿದರೆ, ಆ ನೀರೆಲ್ಲ ಕಾಲುವೆ ಪಾಲಾಗಿ ಹೊಳೆ ಶಾಂತವಾಗಿರಬಹುದು. ನೋಡಬೇಕಾದ್ದು ನದಿಗೆ ಎಷ್ಟು ಬಿಟ್ಟಿದ್ದಾರೆ ಎಂಬುದೊಂದೇ. ಜೊತೆಗೆ ಜಲಾಶಯ ಗರಿಷ್ಠ 1633 ಅಡಿಯ ಹತ್ತಿರವಿದ್ದು ಒಳಹರಿವು ಏರುತ್ತಿದ್ದರೆ, ಇವತ್ತು ಗೇಟು ಮುಚ್ಚಿದ್ದರೂ ನಾಳೆ ತೆರೆದಾರು ಎಂದು ತಿಳಿಯಿರಿ.

ಇದೇ ತೊಂದರೆಗೆ ಇನ್ನೊಂದು ಬಾಲವಿದೆ: ಎಲ್ಲಿಗೆ ಹೋಗಿ ತಿರುಗುತ್ತಾರೆ ಎಂಬುದು. ಕೆಳಗೆ ಹೋಗುವಾಗ ಹೊಳೆಯೇ ಒಯ್ಯುತ್ತದೆ, ವಾಪಸು ಬರುವಾಗ ಪ್ರವಾಹಕ್ಕೆದುರು ಹುಟ್ಟು ಹಾಕಬೇಕು. ನೀರು ಸ್ವಲ್ಪ ಬಿರುಸಾಗಿದ್ದರೆ ಅಂಬಿಗರು ಕೋಟಿಲಿಂಗ ತೋರಿಸಿ ಅಲ್ಲಿಂದಲೇ ಹಿಂದಿರುಗುತ್ತಾರೆ. ಅದು ಅವರ ತಪ್ಪಲ್ಲ, ರಟ್ಟೆಗೂ ಮಿತಿ ಇದೆ. ‘ಅರ್ಧ ಗಂಟೆಗೆ ಇಷ್ಟು’ ಎಂದು ಮಾತಾಡಿದ್ದರೆ ನಿಮಗೆ ಪುರಂದರ ಮಂಟಪ ಸಿಗುವುದಿಲ್ಲ, ಹಳೆಯ ಸೇತುವೆಯ ಕಲ್ಲುಕಂಬಗಳೂ ಸಿಗುವುದಿಲ್ಲ. ಬಾಡಿಗೆಯನ್ನು ಹೊತ್ತಿನ ಲೆಕ್ಕದಲ್ಲಲ್ಲ, ಜಾಗದ ಲೆಕ್ಕದಲ್ಲಿ ಗೊತ್ತು ಮಾಡಿ: ‘ಪುರಂದರ ಮಂಟಪದ ಹತ್ತಿರ ಬಿಡಿ, ವಾಪಸು ಬೇಡ’. ತಲೆಗೋ ಇಡೀ ಹರಿಗೋಲಿಗೋ ಎಂಬುದನ್ನೂ ಕಾಲಿಡುವ ಮೊದಲೇ ಕೇಳಿ. ಬರುವಾಗ ಸೀತೆ ಸೆರಗು, ಸುಗ್ರೀವನ ಗುಹೆಯ ಮುಂದಿನ ಕಾಲುದಾರಿಯಲ್ಲಿ ಸುಮಾರು ಎರಡು ಕಿಲೋಮೀಟರ್ ನಡೆದರೆ ಹಂಪಿ ಬಜಾರು. ಮಂಡಿನೋವಿನವರಿಗೆ ಈ ನಡಿಗೆ ಕಷ್ಟ, ಅವರು ಹೋಗಿಬರುವ ಬಾಡಿಗೆಯನ್ನೇ ಮಾತಾಡಲಿ.

ನವವೃಂದಾವನದ ಬೋಟಿನ ಅನುಕೂಲವೆಂದರೆ ಅದರ ನೇರ ದಾರಿ. ಆನೆಗೊಂದಿಯ ಘಟ್ಟದಿಂದ ನಡುಗಡ್ಡೆಗೆ ಹೋಗಿ, ಪದ್ಮನಾಭ ತೀರ್ಥರು, ವ್ಯಾಸರಾಜರು ಸೇರಿ ಒಂಬತ್ತು ಯತಿಗಳ ವೃಂದಾವನಗಳ ದರ್ಶನ ಮಾಡಿ, ಬರುತ್ತ ಕೃಷ್ಣದೇವರಾಯನ ಸಮಾಧಿ ಎಂದು ಜನ ಹೇಳುವ 64 ಕಂಬದ ಮಂಟಪವನ್ನೂ ನೋಡಬಹುದು. ಬೋಟಿನಲ್ಲಿ ಬೆನ್ನು ನೆಟ್ಟಗಿಟ್ಟು ಕೂರಬಹುದು, ಹಿರಿಯರಿಗೆ ಇದೇ ವಾಸಿ. ಆದರೆ ಇಂಜಿನ್ ಸದ್ದಿಗೆ ಹಕ್ಕಿ ನಿಲ್ಲುವುದಿಲ್ಲ, ನೀರುನಾಯಿಯಂತೂ ದೂರದಲ್ಲೇ ಮುಳುಗಿ ಮರೆಯಾಗುತ್ತದೆ. ಜಲಾಶಯದ ಕೆಳಗಿನಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ; ಅವು ಕಾಣುವ ಅವಕಾಶ ಬೆಳಗಿನ ಹರಿಗೋಲಿನಲ್ಲೇ ಹೆಚ್ಚು. ಯತಿಗಳ ಆರಾಧನೆಯ (ಪುಣ್ಯತಿಥಿಯ) ದಿನಗಳಲ್ಲಿ ನವವೃಂದಾವನಕ್ಕೆ ವಿಹಾರಕ್ಕೆಂದು ಹೋಗಬೇಡಿ; ಅಂದು ಬೋಟು ಭಕ್ತರಿಗೇ ಸಾಲುವುದಿಲ್ಲ.

ಸಾಣಾಪುರದ್ದು ಹೊಳೆಯಲ್ಲ, ಎಡದಂಡೆ ಕಾಲುವೆಯ ನೀರು ನಿಲ್ಲುವ ಕೆರೆ. ಸುತ್ತ ಬಂಡೆಗುಡ್ಡಗಳು, ಸಂಜೆಯ ಬೆಳಕು ಚೆಂದ, ಫೋಟೋಕ್ಕೆ ಹೇಳಿ ಮಾಡಿಸಿದ ಜಾಗ. ಐತಿಹಾಸಿಕವಾಗಿ ನೋಡುವಂಥದ್ದು ನೀರಿನ ಮೇಲಿಂದ ಏನೂ ಇಲ್ಲ. ಅಲ್ಲಿ ತೆಪ್ಪವನ್ನು ನಡುನೀರಿನಲ್ಲಿ ಗಿರಗಿರ ತಿರುಗಿಸುವುದೇ ಆಕರ್ಷಣೆ. ತಲೆಸುತ್ತು ಬರುವವರು ಹತ್ತುವ ಮೊದಲೇ ‘ತಿರುಗಿಸಬೇಡಿ’ ಎಂದು ಹೇಳಿಬಿಡಬೇಕು. ಕಾಲುವೆ ನಿಂತ ಬೇಸಿಗೆಯಲ್ಲಿ ಕೆರೆ ಇಳಿಯುತ್ತದೆ. ಈ ಭಾಗದಲ್ಲಿ ಬಂಡೆಯ ಮೇಲಿಂದ ನೀರಿಗೆ ಧುಮುಕಿ ಪ್ರಾಣ ಕಳೆದುಕೊಂಡವರಿದ್ದಾರೆ, ಈಜು ಬಂದರೂ ಆ ಸಾಹಸ ಬೇಡ. ಮಕ್ಕಳಿಗೆ ಮಾತ್ರ ಸಾಣಾಪುರ ಉಳಿದೆರಡಕ್ಕಿಂತ ಇಷ್ಟವಾಗುತ್ತದೆ, ಅದನ್ನು ಒಪ್ಪುತ್ತೇನೆ.

ಹರಿಗೋಲು ಹತ್ತುವುದಕ್ಕೂ ಒಂದು ಕ್ರಮ ಇದೆ. ಅಂಚಿನ ಮೇಲೆ ಕಾಲಿಟ್ಟರೆ ಆ ಬದಿ ಮಗುಚುತ್ತದೆ. ಅಂಬಿಗ ದಡಕ್ಕೆ ಒತ್ತಿ ಹಿಡಿದಾಗ ನೇರ ನಡುವಿಗೆ ಕಾಲಿಟ್ಟು, ಅಲ್ಲೇ ಬಗ್ಗಿ, ಕೂತೇ ಅಂಚಿಗೆ ಸರಿಯಿರಿ. ತೂಕದವರು ಅಂಬಿಗನ ಎದುರು ಬದಿ, ಉಳಿದವರು ಸುತ್ತ ಸಮನಾಗಿ. ಒಬ್ಬರು ಫೋಟೋಕ್ಕೆಂದು ಎದ್ದರೆ ಎಲ್ಲರಿಗೂ ಅಪಾಯ. ಒಳಗಿನ ಬಿದಿರ ಹೆಣಿಗೆಯ ನಡುವೆ ಚೂಪು ಹಿಮ್ಮಡಿಯ ಚಪ್ಪಲಿ ಊರಿದರೆ ಹಾಳೆ ತೂತಾಗುತ್ತದೆ. ಹತ್ತುವ ಮೊದಲು ತಳ ನೋಡಿ: ಒಂದೆರಡು ಬೊಗಸೆ ನೀರಿದ್ದರೆ ಪರವಾಗಿಲ್ಲ, ನೋಡುತ್ತಿದ್ದಂತೆ ಹೆಚ್ಚುತ್ತಿದ್ದರೆ ಬೇರೆ ಹರಿಗೋಲು ಕೇಳಿ. ಲೈಫ್ ಜಾಕೆಟ್ಟಿನ ಮೂರೂ ಕೊಕ್ಕೆ ಹಾಕಿಕೊಳ್ಳಿ. ಭುಜದ ಪಟ್ಟಿ ಹಿಡಿದೆತ್ತಿದಾಗ ಅದು ಕಿವಿಯವರೆಗೆ ಬಂದರೆ ಸಡಿಲ ಎಂದರ್ಥ. ಮಕ್ಕಳ ಅಳತೆಯದು ಇಲ್ಲದಿದ್ದರೆ ಮಕ್ಕಳನ್ನು ಹತ್ತಿಸಬೇಡಿ.

ನಾನು ಬೆಳಿಗ್ಗೆ ಬೇಗ ಏಳುವವನು, ನಡೆಯಲು ಬೇಸರವಿಲ್ಲ, ಗೈಡು ಕಾರು ಎಂದು ದುಡ್ಡು ಸುರಿಯುವ ಮನಸ್ಸಿಲ್ಲ. ಅಂಥವರಿಗೆ ನನ್ನ ದಿನಚರಿ ಹೀಗೆ: ಏಳಕ್ಕೆ ಬಜಾರಿನ ತುದಿಯ ಎದುರು ಬಸವಣ್ಣನ ಬಳಿಯಿಂದ ಚಕ್ರತೀರ್ಥಕ್ಕೆ ನಡಿಗೆ, ಯಂತ್ರೋದ್ಧಾರಕ ಆಂಜನೇಯನ ದರ್ಶನ, ಹರಿಗೋಲು, ವಿಠ್ಠಲ ಗುಡಿ. ಅಲ್ಲಿ ತೆಗೆದ ಟಿಕೆಟ್ ಅದೇ ದಿನ ಕಮಲ ಮಹಲಿಗೂ ನಡೆಯುತ್ತದೆ, ಎಸೆಯಬೇಡಿ. ಬ್ಯಾಟರಿ ಗಾಡಿಯಲ್ಲಿ ಗೆಜ್ಜಲ ಮಂಟಪದ ಕಡೆಗೆ ಬಂದು ತಳವಾರಘಟ್ಟದಿಂದ ಆನೆಗೊಂದಿಗೆ ದಾಟಿದರೆ ಊಟ, ಸಮಯ ಉಳಿದರೆ ನವವೃಂದಾವನ. ನಾಲ್ಕು ಜನ ಸೇರಿ ಹರಿಗೋಲಿನ ಬಾಡಿಗೆ ಹಂಚಿಕೊಂಡರೆ ಕಾರಿನಲ್ಲಿ ಸುತ್ತಿ ಸಾಣಾಪುರಕ್ಕೆ ಹೋಗುವ ಖರ್ಚಿಗಿಂತ ಎಷ್ಟೋ ಅಗ್ಗ. ಹಂಪಿ ವಿಜಯನಗರ ಜಿಲ್ಲೆ, ಆನೆಗೊಂದಿ ಕೊಪ್ಪಳ ಜಿಲ್ಲೆ. ಒಂದು ದಡದಲ್ಲಿ ದೋಣಿ ನಿಲ್ಲಿಸಿದ್ದಾರೆಂದರೆ ಇನ್ನೊಂದು ದಡದ ಸ್ಥಿತಿಯನ್ನು ಬೇರೆಯಾಗಿ ವಿಚಾರಿಸಬೇಕು. ವಾಪಸು ದಾಟುವ ಕೊನೆಯ ದೋಣಿ ಎಷ್ಟಕ್ಕೆ ಎಂದು ಹೋಗುವಾಗಲೇ ಕೇಳಿಟ್ಟುಕೊಳ್ಳಿ. ಅದು ತಪ್ಪಿದರೆ ಕಡೆಬಾಗಿಲು–ಬುಕ್ಕಸಾಗರ ಸೇತುವೆ ಸುತ್ತಿ ಆಟೋದಲ್ಲಿ ಬರಬೇಕು, ಕತ್ತಲಾದ ಮೇಲೆ ಆಟೋ ಬಾಡಿಗೆ ಹರಿಗೋಲಿನದ್ದನ್ನು ಮೀರುತ್ತದೆ.