ಗಾಡ್-ಪಾಡ್ ಗ್ಲುಕೋಸ್ ಕಿಟ್: ಕಾರವಾರದ ಮಳೆಗಾಲಕ್ಕೆ ದ್ರವವೋ ಪುಡಿಯೋ?

ಕಾರವಾರ, ಅಂಕೋಲಾ, ಕುಮಟಾ ಕಡೆಯ ಸಣ್ಣ ಲ್ಯಾಬುಗಳಲ್ಲಿ ಬೆಳಗಾದರೆ ಮೊದಲು ಶುರುವಾಗುವ ಟೆಸ್ಟು ಶುಗರ್. ಅದಕ್ಕೆ ಬಳಸುವ ರೀಏಜೆಂಟ್ (ಪರೀಕ್ಷೆಯ ರಾಸಾಯನಿಕ) ಹೆಚ್ಚಿನ ಕಡೆ ಗ್ಲುಕೋಸ್ ಆಕ್ಸಿಡೇಸ್-ಪೆರಾಕ್ಸಿಡೇಸ್, ಲ್ಯಾಬಿನವರ ಬಾಯಲ್ಲಿ ಗಾಡ್-ಪಾಡ್. ಇಲ್ಲಿ ಯಾವ ಕಂಪನಿಯ ಹೆಸರನ್ನೂ ಎತ್ತಿಲ್ಲ, ಏಕೆಂದರೆ ಲೇಬಲ್ ಯಾವುದಾದರೂ ಒಳಗಿನ ಸರಕು ಹೆಚ್ಚುಕಮ್ಮಿ ಒಂದೇ. ನಿಜವಾದ ಆಯ್ಕೆ ರೂಪದ್ದು: ಮುಚ್ಚಳ ತೆಗೆದು ನೇರ ಬಳಸುವ ದ್ರವವೋ, ಬಫರಿನಲ್ಲಿ, ಅಂದರೆ ಪಿಎಚ್ ಕದಲದಂತೆ ಹಿಡಿಯುವ ದ್ರಾವಣದಲ್ಲಿ, ಕರಗಿಸಿಕೊಳ್ಳುವ ಪುಡಿಯೋ. ಕರಾವಳಿಗೆ ದ್ರವವೇ ಸರಿ, ಅದೂ ಸಣ್ಣ ಬಾಟಲಿಯದ್ದು. ಪುಡಿಗೂ ಒಂದು ಜಾಗ ಇದೆ, ಅದನ್ನು ಕೊನೆಗೆ ಹೇಳುತ್ತೇವೆ.

ಬಾಟಲಿಯೊಳಗೆ ಇರುವುದು ಎರಡು ಕಿಣ್ವ, ಫೀನಾಲ್, 4-ಅಮಿನೋಆಂಟಿಪೈರಿನ್, ಜೊತೆಗೆ ಪಿಎಚ್ 7ರ ಆಸುಪಾಸಿನ ಬಫರ್. ಗ್ಲುಕೋಸ್ ಆಕ್ಸಿಡೇಸ್ ಸಾಮಾನ್ಯವಾಗಿ ಅಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟಿನದು. ಸರಿಯಾಗಿ ಒಣಗದ ಅಡಿಕೆಗೆ ಹಿಡಿಯುವುದೂ ಅದರ ಬಳಗವೇ. ಪೆರಾಕ್ಸಿಡೇಸ್ ಬರುವುದು ಹಾರ್ಸ್ ರ್ಯಾಡಿಶ್ ಎಂಬ ಖಾರದ ಬೇರಿನಿಂದ. ಮೊದಲನೆಯದು ಗ್ಲುಕೋಸನ್ನು ಗ್ಲುಕೋನೋಲ್ಯಾಕ್ಟೋನ್ ಮಾಡುತ್ತದೆ. ಆಗ ನೀರಿನಲ್ಲಿ ಕರಗಿದ್ದ ಆಮ್ಲಜನಕ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಎರಡನೆಯದು ಆ ಪೆರಾಕ್ಸೈಡನ್ನು ಬಳಸಿ ಫೀನಾಲನ್ನೂ ಅಮಿನೋಆಂಟಿಪೈರಿನನ್ನೂ ಬೆಸೆದು ಗುಲಾಬಿ-ಕೆಂಪು ಬಣ್ಣ ತರುತ್ತದೆ. ಯಂತ್ರ 505 ನ್ಯಾನೋಮೀಟರಿನ ಬೆಳಕಿನಲ್ಲಿ ಓದುವುದು ಈ ಬಣ್ಣವನ್ನೇ. 1969ರಲ್ಲಿ ಟ್ರಿಂಡರ್ ಎಂಬ ವಿಜ್ಞಾನಿ ಹಾಕಿಕೊಟ್ಟ ದಾರಿ ಇದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮೊದಲ ಕಿಣ್ವ ಆರಿಸಿ ತಿನ್ನುವ ಜಾತಿ, ಬೀಟಾ-ಡಿ-ಗ್ಲುಕೋಸ್ ಬಿಟ್ಟು ಬೇರೆ ಸಕ್ಕರೆಗೆ ಹೆಚ್ಚುಕಮ್ಮಿ ಬಾಯಿ ಹಾಕುವುದಿಲ್ಲ. ಎರಡನೆಯದಕ್ಕೆ ಆ ನಿಯಮ ಇಲ್ಲ. ಪೆರಾಕ್ಸೈಡ್ ಎಲ್ಲಿಂದ ಬಂದರೂ ಬಣ್ಣ ಕಟ್ಟುತ್ತದೆ, ನಡುವೆ ಯಾರಾದರೂ ಪೆರಾಕ್ಸೈಡ್ ಕದ್ದರೆ ಬಣ್ಣ ಕಡಿಮೆ ಬರುತ್ತದೆ. ಹಾಗಾಗಿ ಈ ಕಿಟ್ಟಿನ ಎಡವಟ್ಟು ಹೆಚ್ಚಿನವು ಎರಡನೆಯ ಹೆಜ್ಜೆಯಲ್ಲಿಯೇ. ವಿಟಮಿನ್ ಸಿ ಮಾತ್ರೆ ಜಾಸ್ತಿ ನುಂಗಿದವರ ರಕ್ತ, ಕಾಮಾಲೆಯ ಹಳದಿ ಸೀರಮ್, ಯೂರಿಕ್ ಆಮ್ಲ ತೀರಾ ಏರಿದ ಸ್ಯಾಂಪಲ್, ಇವು ಮೂರೂ ಶುಗರನ್ನು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತವೆ. ತದ್ವಿರುದ್ಧ ತಪ್ಪು ಬರುವುದು ಬ್ಲೀಚಿನಿಂದ. ಹೈಪೋಕ್ಲೋರೈಟಿನಲ್ಲಿ ತೊಳೆದ ಟ್ಯೂಬನ್ನು ಸರಿಯಾಗಿ ಜಾಲಿಸದೆ ಇಟ್ಟರೆ, ಉಳಿದ ಒಂದೆರಡು ಹನಿಯೇ ಗ್ಲುಕೋಸ್ ಇಲ್ಲದೆಯೂ ಗುಲಾಬಿ ಬಣ್ಣ ತರುತ್ತದೆ.

ಈಗ ಕೊಳ್ಳುವ ಲೆಕ್ಕ. ಒಂದು ಟೆಸ್ಟಿಗೆ 1000 ಮೈಕ್ರೋಲೀಟರ್ ರೀಏಜೆಂಟ್, 10 ಮೈಕ್ರೋಲೀಟರ್ ಸ್ಯಾಂಪಲ್. ದಿನಕ್ಕೆ ಹತ್ತು ಶುಗರ್ ಮಾಡುವ ಲ್ಯಾಬಿನಲ್ಲಿ ಬ್ಲ್ಯಾಂಕ್ (ಸ್ಯಾಂಪಲ್ ಹಾಕದ ರೀಏಜೆಂಟ್), ಸ್ಟ್ಯಾಂಡರ್ಡ್ (ಗ್ಲುಕೋಸ್ ಎಷ್ಟೆಂದು ಗೊತ್ತಿರುವ ದ್ರಾವಣ), ಎರಡು ಕಂಟ್ರೋಲ್ (ಫಲಿತಾಂಶ ಸರಿಯೇ ಎಂದು ನೋಡುವ ಸ್ಯಾಂಪಲ್) ಸೇರಿದರೆ ದಿನಕ್ಕೆ 14 ಮಿ.ಲೀ. ಅಂದರೆ 200 ಮಿ.ಲೀ. ಬಾಟಲಿ ಹದಿನಾಲ್ಕು ದಿನ ಬರುತ್ತದೆ. ಅಗ್ಗ ಬೀಳುತ್ತದೆ ಎಂದು ಒಂದು ಲೀಟರಿನ ಬಾಟಲಿ ತಂದರೆ ಅದು ಎಪ್ಪತ್ತು ದಿನ ಬಾಯ್ದೆರೆದು ನಿಲ್ಲಬೇಕು. ಜುಲೈ ತಿಂಗಳ ಕಾರವಾರದಲ್ಲಿ ಎಪ್ಪತ್ತು ದಿನ ತೆರೆದ ಬಾಟಲಿ ಸ್ವಚ್ಛವಾಗಿರುತ್ತದೆ ಎಂದು ಯಾರೂ ನಂಬಬೇಡಿ. ಪಿಪೆಟ್ಟನ್ನು ನೇರ ಬಾಟಲಿಗೇ ಅದ್ದುವವರು, ಉಳಿದದ್ದನ್ನು ಮತ್ತೆ ಬಾಟಲಿಗೇ ಸುರಿಯುವವರು ಎಲ್ಲ ಕಡೆ ಇದ್ದಾರೆ. ಹಾಗೆ ಒಳಸೇರಿದ ಬ್ಯಾಕ್ಟೀರಿಯಾಗಳಲ್ಲಿ ಹಲವಕ್ಕೆ ಕ್ಯಾಟಲೇಸ್ ಕಿಣ್ವ ಇರುತ್ತದೆ. ಅದು ಪೆರಾಕ್ಸೈಡನ್ನು ಬಣ್ಣವಾಗಲು ಬಿಡದೆ ನೀರೂ ಆಮ್ಲಜನಕವೂ ಮಾಡಿಬಿಡುತ್ತದೆ. ಬೇಕಾದಷ್ಟನ್ನು ಸಣ್ಣ ಒಣ ಪಾತ್ರೆಗೆ ಬಗ್ಗಿಸಿಕೊಳ್ಳಿ, ಮಿಕ್ಕದ್ದನ್ನು ಚೆಲ್ಲಿ.

ಸೆಮಿ ಆಟೋ ಯಂತ್ರ 500 ಮೈಕ್ರೋಲೀಟರ್ ಹೀರಿದರೆ ಸಾಕು ಎಂದಾದರೆ 500ಕ್ಕೆ 5 ಹಾಕಿ ಟೆಸ್ಟುಗಳನ್ನು ದುಪ್ಪಟ್ಟು ಮಾಡಿಕೊಳ್ಳುವವರಿದ್ದಾರೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ 5 ಮೈಕ್ರೋಲೀಟರಿನಲ್ಲಿ ಅರ್ಧ ಮೈಕ್ರೋಲೀಟರ್ ತಪ್ಪಿದರೂ ನೂರಕ್ಕೆ ಹತ್ತು ತಪ್ಪಿದಂತೆ. ಟಿಪ್ಪಿನ ಹೊರಮೈಗೆ ಅಂಟಿದ ಸೀರಮ್ ಒರೆಸದೆ ಅದ್ದಿದರೆ ಅಷ್ಟು ಸುಲಭದಲ್ಲಿ ತಪ್ಪುತ್ತದೆ. ಪಿಪೆಟ್ ಕ್ಯಾಲಿಬ್ರೇಶನ್ ಮಾಡಿಸಿ ವರ್ಷ ದಾಟಿದ್ದರೆ ಈ ಉಳಿತಾಯದ ಉಸಾಬರಿ ಬೇಡ.

ವಿಧಾನ ಸರಳ. ಫ್ರಿಜ್ಜಿನಿಂದ ತೆಗೆದ ರೀಏಜೆಂಟ್ ಕೋಣೆಯ ಬಿಸಿಗೆ ಬರಲು ಕಾಲು ತಾಸು ಬಿಡಿ. ಬ್ಲ್ಯಾಂಕ್, ಸ್ಟ್ಯಾಂಡರ್ಡ್, ಟೆಸ್ಟ್ ಮೂರಕ್ಕೂ ಒಂದೊಂದು ಮಿ.ಲೀ. ಹಾಕಿ, ಸ್ಟ್ಯಾಂಡರ್ಡಿಗೂ ಟೆಸ್ಟಿಗೂ 10 ಮೈಕ್ರೋಲೀಟರ್ ಸೇರಿಸಿ, ಅಲುಗಿಸಿ, 37 ಡಿಗ್ರಿಯಲ್ಲಿ ಕಿಟ್ಟಿನೊಳಗಿನ ಚೀಟಿ ಹೇಳಿದಷ್ಟು ನಿಮಿಷ ಇಡಿ, ಸಾಮಾನ್ಯವಾಗಿ ಹತ್ತರಿಂದ ಹದಿನೈದು. ಬ್ಲ್ಯಾಂಕಿನಲ್ಲಿ ಸೊನ್ನೆ ಮಾಡಿಕೊಂಡ ಮೇಲೆ ಬಣ್ಣದ ಅಳತೆ ಸ್ಟ್ಯಾಂಡರ್ಡಿಗೆ 0.28, ಟೆಸ್ಟಿಗೆ 0.42 ಬಂತು ಎನ್ನಿ. 0.42ನ್ನು 0.28ರಿಂದ ಭಾಗಿಸಿ ಸ್ಟ್ಯಾಂಡರ್ಡಿನ ಗ್ಲುಕೋಸ್ ಮಟ್ಟವಾದ ನೂರರಿಂದ ಗುಣಿಸಿದರೆ ಶುಗರ್ ನೂರು ಮಿ.ಲೀ.ಗೆ 150 ಮಿ.ಗ್ರಾಂ.

ತಪ್ಪುವುದು ಕರೆಂಟು ಹೋದಾಗ. ವಾಟರ್ ಬಾತ್ ತಣ್ಣಗಾಗಿ 26 ಡಿಗ್ರಿಗೆ ಇಳಿದಿರುತ್ತದೆ, ಟೈಮರ್ ಮಾತ್ರ ಹತ್ತು ನಿಮಿಷಕ್ಕೆ ಕೂಗುತ್ತದೆ. ಆ ಹೊತ್ತಿಗೆ ಬಣ್ಣ ಪೂರ್ತಿ ಕಟ್ಟಿರುವುದಿಲ್ಲ. ಸ್ಟ್ಯಾಂಡರ್ಡನ್ನೂ ಅದೇ ಹೊತ್ತಿಗೆ ಹಾಕಿದ್ದರೆ ಎರಡೂ ಒಟ್ಟಿಗೆ ಹಿಂದೆ ಬಿದ್ದು ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ. ಆದರೆ ಬೆಳಗಿನ ಫ್ಯಾಕ್ಟರನ್ನು (ಸ್ಟ್ಯಾಂಡರ್ಡಿನಿಂದ ಸಿಕ್ಕ ಗುಣಕವನ್ನು) ಯಂತ್ರದಲ್ಲಿ ಉಳಿಸಿಕೊಂಡು ಮಧ್ಯಾಹ್ನದ ಸ್ಯಾಂಪಲ್ ಓದಿದರೆ ಎಲ್ಲರ ಶುಗರೂ ಕೆಳಗೆ ಬರುತ್ತದೆ. ಊಟದ ನಂತರದ ಶುಗರ್ ದಿನವಿಡೀ ಚೆಂದ ಬಂತೆಂದರೆ ಖುಷಿಪಡುವ ಮೊದಲು ನೀರಿನ ಥರ್ಮಾಮೀಟರ್ ನೋಡಿ. ಕರೆಂಟಿನ ಭರವಸೆ ಇಲ್ಲದ ದಿನ ಕೋಣೆಯ ಬಿಸಿಯಲ್ಲೇ ಅರ್ಧ ತಾಸು ಇಡುವುದು ಲೇಸು, ಸ್ಟ್ಯಾಂಡರ್ಡೂ ಪಕ್ಕದಲ್ಲೇ ಇರಲಿ.

ಚೀಟಿಯಲ್ಲಿ 500ರ ತನಕ ನೇರ ರೇಖೆ, ಅಂದರೆ ಅಲ್ಲಿಯ ತನಕ ಗ್ಲುಕೋಸ್ ಏರಿದಷ್ಟೇ ಬಣ್ಣವೂ ಏರುತ್ತದೆ, ಎಂದು ಬರೆದಿರುತ್ತದೆ. ಈ ಮಿತಿಯ ಹಿಂದೆ ಕಿಣ್ವದ ಲೆಕ್ಕ ಮಾತ್ರವಲ್ಲ, ಗಾಳಿಯ ಲೆಕ್ಕವೂ ಇದೆ. ನೂರು ಮಿ.ಲೀ.ಗೆ 500 ಮಿ.ಗ್ರಾಂ. ಅಂದರೆ ಲೀಟರಿಗೆ ಸುಮಾರು 27.8 ಮಿಲಿಮೋಲ್, ನೂರೊಂದು ಪಾಲು ತೆಳುವಾದಾಗ 0.27. ಒಂದು ಗ್ಲುಕೋಸಿಗೆ ಒಂದು ಆಮ್ಲಜನಕ ಬೇಕು. 37 ಡಿಗ್ರಿಯ ನೀರಿನಲ್ಲಿ ಕರಗಿರುವ ಆಮ್ಲಜನಕವೋ ಲೀಟರಿಗೆ ಸುಮಾರು 0.2 ಮಿಲಿಮೋಲ್ ಮಾತ್ರ. ಉಳಿದದ್ದು ಮೇಲಿನ ಗಾಳಿಯಿಂದ ಇಳಿಯಬೇಕು. ಅದಕ್ಕೇ ಟ್ಯೂಬನ್ನು ಕಂಠಮಟ್ಟ ತುಂಬಬಾರದು, ಹಾಕಿದ ಮೇಲೆ ಅಲುಗಿಸಬೇಕು. 400 ದಾಟಿದ್ದನ್ನು ಸಲೈನಿನಲ್ಲಿ ಒಂದಕ್ಕೆ ಒಂದು ಬೆರೆಸಿ ಮತ್ತೆ ಓದಿ ಎರಡರಿಂದ ಗುಣಿಸುವುದು ನಮ್ಮ ಶಿಫಾರಸು. ಚೀಟಿ ಅಷ್ಟು ಬೇಗ ಹೇಳುವುದಿಲ್ಲ, ಆದರೂ ಮಾಡಿ.

ಕಿಟ್ಟಿನ ನಿಜವಾದ ದುರ್ಬಲ ಭಾಗ ಸ್ಟ್ಯಾಂಡರ್ಡಿನ ಪುಟ್ಟ ಬಾಟಲಿ. ನೂರು ಮಿ.ಲೀ.ಗೆ 100 ಮಿ.ಗ್ರಾಂ. ಗ್ಲುಕೋಸ್, ಕೆಡದಂತೆ ಬೆನ್ಜೋಯಿಕ್ ಆಮ್ಲ. ಮುಚ್ಚಳ ಸಡಿಲ ಬಿಟ್ಟರೆ ನೀರು ಆರಿ ಗ್ಲುಕೋಸ್ ದಟ್ಟವಾಗುತ್ತದೆ; ಬಾಟಲಿಯಲ್ಲಿ 110 ಇದ್ದರೂ ನೀವು 100 ಎಂದೇ ಲೆಕ್ಕ ಹಾಕುತ್ತೀರಿ, ಎಲ್ಲ ರೋಗಿಗಳ ಶುಗರೂ ನೂರಕ್ಕೆ ಒಂಬತ್ತರಷ್ಟು ಇಳಿಯುತ್ತದೆ. ಅದು ಖಾಲಿಯಾಯಿತೆಂದು ಗ್ಲುಕೋಸ್ ಪುಡಿ ತೂಗಿ ಸ್ವಂತ ಸ್ಟ್ಯಾಂಡರ್ಡ್ ಮಾಡುವವರಿಗೆ ಇನ್ನೊಂದು ಬಲೆ. ಹರಳುಪುಡಿಯಲ್ಲಿರುವುದು ಸಾಮಾನ್ಯವಾಗಿ ಆಲ್ಫಾ ರೂಪ. ನೀರಿಗೆ ಬಿದ್ದ ಮೇಲೆ ಅದು ನಿಧಾನಕ್ಕೆ ತಿರುಗಿ ಆಲ್ಫಾ 36, ಬೀಟಾ 64ರ ಸಮತೋಲಕ್ಕೆ ಬರಬೇಕು. ಕರಗಿಸಿದ ಕೂಡಲೇ ಓದಿದರೆ ಕಿಣ್ವಕ್ಕೆ ಬೇಕಾದ ಬೀಟಾ ಇರುವುದೇ ಇಲ್ಲ, ಬಣ್ಣ ಮಂಕು. ಈ ತಿರುಗುವಿಕೆಯನ್ನು ಬೇಗ ಮಾಡಿಸುವ ಮ್ಯುಟರೊಟೇಸ್ ಕಿಣ್ವ ಸೇರಿಸಿದ ಕಿಟ್ ಆದರೆ ಈ ತಾಪತ್ರಯ ಇಲ್ಲ. ಇಲ್ಲವಾದರೆ ರಾತ್ರಿ ಕರಗಿಸಿಟ್ಟು ಬೆಳಿಗ್ಗೆ ಬಳಸಿ.

ರೀಏಜೆಂಟ್ ಹಾಳಾಗಿದೆಯೇ ಎಂದು ತಿಳಿಯಲು ಬ್ಲ್ಯಾಂಕನ್ನು ಡಿಸ್ಟಿಲ್ಡ್ ವಾಟರ್ ಎದುರು ಓದಿ. ತುಸು ಗುಲಾಬಿ ಛಾಯೆ ಇದ್ದರೆ ನಡೆಯುತ್ತದೆ, 0.3 ದಾಟಿದ ಬಾಟಲಿಯನ್ನು ನಾವು ಮುಟ್ಟುವುದಿಲ್ಲ. ಬೆಳಕು ಬಿದ್ದರೆ ಬೇಗ ಕೆಂಪಾಗುತ್ತದೆ. ಫ್ರಿಜ್ಜಿನ ಬಾಗಿಲಲ್ಲಿ ಇಡಬೇಡಿ, ಫ್ರೀಜರ್ ಕೆಳಗಿನ ತಟ್ಟೆಗೂ ತಾಗಿಸಬೇಡಿ. 2ರಿಂದ 8 ಡಿಗ್ರಿ ಎಂದರೆ ನಡುವಿನ ತಟ್ಟೆ. ಹೆಪ್ಪುಗಟ್ಟಿ ಕರಗಿದ ಕಿಣ್ವದ ಮೇಲೆ ಭರವಸೆ ಇಡಬಾರದು. ಹುಬ್ಬಳ್ಳಿಯಿಂದ ಬಂದ ಪಾರ್ಸೆಲ್ಲಿನಲ್ಲಿ ಐಸ್ ಪ್ಯಾಕ್ ಪೂರ್ತಿ ಬೆಚ್ಚಗಾಗಿದ್ದರೆ ಸಹಿ ಹಾಕುವ ಮುನ್ನ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೂ, ನಮ್ಮ ಜಿಲ್ಲೆಯಲ್ಲಿ ಶುಗರ್ ತಪ್ಪಲು ದೊಡ್ಡ ಕಾರಣ ಕಿಟ್ ಅಲ್ಲ, ಬಸ್ಸು. ಸಿದ್ದಾಪುರದ ಹಳ್ಳಿಯಲ್ಲಿ ತೆಗೆದ ರಕ್ತ ಶಿರಸಿಗೆ, ಶಿರಸಿಯದು ದೇವಿಮನೆ ಘಟ್ಟ ಇಳಿದು ಕುಮಟೆಗೆ, ಜೋಯಿಡಾದ್ದು ಕಾರವಾರಕ್ಕೆ ಹೋಗುವಾಗ ಟ್ಯೂಬಿನಲ್ಲಿ ಕೆಂಪು ರಕ್ತಕಣಗಳು ಜೀವಂತ ಇರುತ್ತವೆ. ಗ್ಲುಕೋಸನ್ನು ಒಡೆಯುವ ಗ್ಲೈಕೊಲಿಸಿಸ್ ನಡೆಯುತ್ತಲೇ ಇರುತ್ತದೆ: ಹೆಕ್ಸೊಕೈನೇಸ್ ಎಂಬ ಕಿಣ್ವ ಗ್ಲುಕೋಸಿಗೆ ಫಾಸ್ಫೇಟ್ ಅಂಟಿಸುತ್ತದೆ, ಹೀಗೆ ಒಟ್ಟು ಹತ್ತು ಹೆಜ್ಜೆಯಲ್ಲಿ ಪೈರುವೇಟ್, ಕೊನೆಗೆ ಲ್ಯಾಕ್ಟೇಟ್. ಕೋಣೆಯ ಬಿಸಿಯಲ್ಲಿ ತಾಸಿಗೆ ನೂರಕ್ಕೆ 5ರಿಂದ 7 ಗ್ಲುಕೋಸ್ ಖರ್ಚು. ಬರಿಹೊಟ್ಟೆಯ 126, ಅಂದರೆ ಸಕ್ಕರೆ ಕಾಯಿಲೆ ಎನ್ನುವ ಗಡಿ, ಮೂರು ತಾಸಿನಲ್ಲಿ 105ರ ಸುತ್ತಮುತ್ತ. ರೋಗಿ ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ಬಿಳಿ ಕಣ ಹೆಚ್ಚಿದ್ದರೆ ಇನ್ನೂ ಬೇಗ ಕರಗುತ್ತದೆ.

ಬೂದು ಮುಚ್ಚಳದ ಟ್ಯೂಬಿನಲ್ಲಿರುವ ಸೋಡಿಯಂ ಫ್ಲೋರೈಡ್ ಇದನ್ನು ತಡೆಯುತ್ತದೆ ಎಂಬುದು ಎಲ್ಲರ ಬಾಯಿಪಾಠ. ಯಾವ ಹೆಜ್ಜೆಯಲ್ಲಿ ತಡೆಯುತ್ತದೆ ಎಂಬುದರ ಕಡೆ ಗಮನ ಕಡಿಮೆ. ಫ್ಲೋರೈಡ್ ಹಿಡಿಯುವುದು ಇನೊಲೇಸ್ ಎಂಬ ಕಿಣ್ವವನ್ನು, ಅದು ಒಂಬತ್ತನೆಯ ಹೆಜ್ಜೆ. ಗ್ಲುಕೋಸ್ ಒಳಗೆ ಬರುವ ಬಾಗಿಲು ಮೊದಲ ಹೆಜ್ಜೆ. ಹಿಂದಿನ ಬಾಗಿಲು ಮುಚ್ಚಿದರೂ ಮುಂದಿನ ಬಾಗಿಲಿನಿಂದ ಜನ ಬರುತ್ತಲೇ ಇದ್ದಂತೆ, ಕಣದಲ್ಲಿರುವ ಎಟಿಪಿ ಎಂಬ ಶಕ್ತಿಯ ಅಣು ತೀರುವ ತನಕ ಹೆಕ್ಸೊಕೈನೇಸ್ ಗ್ಲುಕೋಸನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಹಾಗಾಗಿ ಮೊದಲ ಒಂದೆರಡು ತಾಸು ಬೂದು ಟ್ಯೂಬಿನಲ್ಲೂ ಶುಗರ್ ಇಳಿಯುತ್ತದೆ, ಆಮೇಲೆ ನಿಲ್ಲುತ್ತದೆ, ನಿಂತ ಮೇಲೆ ಎರಡು ಮೂರು ದಿನ ಅಲ್ಲೇ ಇರುತ್ತದೆ. ಸಿಟ್ರೇಟ್ ಸೇರಿಸಿದ ಟ್ಯೂಬು ಇದಕ್ಕಿಂತ ಮೇಲು, ಏಕೆಂದರೆ ಹುಳಿ ಹೆಚ್ಚಿದ ಕೂಡಲೇ ಹೆಕ್ಸೊಕೈನೇಸ್, ಮೂರನೆಯ ಹೆಜ್ಜೆಯ ಫಾಸ್ಫೋಫ್ರಕ್ಟೋಕೈನೇಸ್ ಎರಡೂ ಮಂಕಾಗುತ್ತವೆ. ಅದು ಸಿಗದ ಕಡೆ ಸೆಂಟ್ರಿಫ್ಯೂಜ್ ಇದ್ದರೆ ಅರ್ಧ ತಾಸಿನೊಳಗೆ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಿ ಕಳಿಸಿ. ಇಲ್ಲವೆಂದರೆ ಬೂದು ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ ಐಸ್‌ ಡಬ್ಬಿಗೆ ಹಾಕಿ. ಪುಡಿ ತಳದಲ್ಲೇ ಕೂತರೆ ಫ್ಲೋರೈಡ್ ಇದ್ದೂ ಇಲ್ಲದಂತೆ.

ಅದೇ ಬೂದು ಟ್ಯೂಬಿನ ಪ್ಲಾಸ್ಮಾದಲ್ಲಿ ಯೂರಿಯಾ ಮಾಡಬೇಡಿ. ಯೂರಿಯೇಸ್ ಕಿಣ್ವವನ್ನೂ ಫ್ಲೋರೈಡ್ ಹಿಡಿಯುತ್ತದೆ, ಕಿಡ್ನಿ ಕೆಟ್ಟವರ ಯೂರಿಯಾ ಚೆನ್ನಾಗಿದೆ ಎಂದು ಬಂದುಬಿಡುತ್ತದೆ. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಆಕ್ಸಲೇಟ್ ಪೊಟ್ಯಾಸಿಯಂದೇ ಆದ್ದರಿಂದ ಪೊಟ್ಯಾಸಿಯಂ ಟೆಸ್ಟಿಗೂ ಅದು ಬೇಡ.

340 ನ್ಯಾನೋಮೀಟರ್ ಫಿಲ್ಟರ್ ಇರುವ ಯಂತ್ರದವರು ಹೆಕ್ಸೊಕೈನೇಸ್ ಕಿಟ್ ನೋಡಬಹುದು. ಬೆಲೆ ಜಾಸ್ತಿ, ವಿಟಮಿನ್ ಸಿಯ ಕಾಟ ಇಲ್ಲ, ಬಣ್ಣದ ಬದಲು ಕ್ರಿಯೆಯಲ್ಲಿ ಹುಟ್ಟುವ ಎನ್‌ಎಡಿಪಿಎಚ್ ಅಥವಾ ಎನ್‌ಎಡಿಎಚ್ ಓದುತ್ತದೆ. ಕಾಮಾಲೆ ರೋಗಿಗಳು ಜಾಸ್ತಿ ಬರುವ ಆಸ್ಪತ್ರೆಯ ಲ್ಯಾಬಿಗೆ ಅದೇ ಸರಿ, ಮಿಕ್ಕವರಿಗೆ ಗಾಡ್-ಪಾಡ್ ಸಾಕು.

ಪುಡಿ ಕಿಟ್ ಜೋಯಿಡಾ, ಯಲ್ಲಾಪುರದ ಒಳಭಾಗದ ಕೇಂದ್ರಗಳಿಗೆ, ದಿನಕ್ಕೆ ಎರಡು ಮೂರೇ ಶುಗರ್ ಮಾಡುವವರಿಗೆ ಹೊಂದುತ್ತದೆ. ಒಣ ಕಿಣ್ವ ದಾರಿಯ ಬಿಸಿಯನ್ನು ದ್ರವಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ, ಸಣ್ಣ ಸೀಸೆಯನ್ನು ಬೇಕಾದಾಗ ಮಾತ್ರ ಕರಗಿಸಬಹುದು. ಎರಡು ಷರತ್ತು: ತಣ್ಣಗಿನ ಸೀಸೆಯನ್ನು ಮಳೆಗಾಲದ ಗಾಳಿಗೆ ತಟ್ಟನೆ ತೆರೆಯಬೇಡಿ, ಒಳಗೇ ಬೆವರಿ ಪುಡಿ ಗಂಟಾಗುತ್ತದೆ. ಕರಗಿಸಲು ನಲ್ಲಿ ನೀರೂ ಬೇಡ, ಬಾವಿ ನೀರೂ ಬೇಡ. ನಲ್ಲಿಯ ಕ್ಲೋರಿನ್ ತಾನೇ ಬಣ್ಣ ಎಬ್ಬಿಸುತ್ತದೆ, ಕೆಂಪುಕಲ್ಲಿನ ಬಾವಿಯ ಕಬ್ಬಿಣವೂ ಬ್ಲ್ಯಾಂಕನ್ನು ಕೆಡಿಸುತ್ತದೆ. ಕಿಟ್ಟಿನ ಬಫರ್ ಸೀಸೆ ಒಡೆದರೆ ಪುಡಿಯನ್ನು ಹಾಗೇ ಇಟ್ಟು ಇನ್ನೊಂದು ಬಫರ್ ತರಿಸಿ.