ಪಂಪ್‌ಹೌಸಿನ ಎಲ್‌ಇಡಿ ಓದಲು ಯಾವುದು ವಾಸಿ: ಫೋಟೋಡಯೋಡ್, ವೆಬ್‌ಕ್ಯಾಮ್, ಹಳೇ ಫೋನ್?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಆಂಡ್ರಾಯ್ಡ್ ಫೋನಿಗೆ. ಇದೇ ಕೆಲಸಕ್ಕೆಂದು ತಂದ ವೆಬ್‌ಕ್ಯಾಮ್ ಈಗ ಬೀರು ಸೇರಿದೆ.

ಮದ್ದೂರಿನ ಹತ್ತಿರ ನಮ್ಮ ಕಬ್ಬಿನ ಗದ್ದೆಯಲ್ಲಿ ಪಂಪ್‌ಹೌಸ್ ಇದೆ. ಒಂದು ಫೇಸ್ ಕೈಕೊಟ್ಟಾಗಲೂ ಮೋಟರ್ ಓಡುತ್ತಲೇ ಇದ್ದರೆ ವೈಂಡಿಂಗ್ ಸುಟ್ಟುಹೋಗುತ್ತದೆ. ಹಾಗಾಗಿ ಮೂರೂ ಫೇಸಿನ ವೋಲ್ಟೇಜು, ಮೋಟರ್ ಓಡಿದ ಗಂಟೆ ಬರೆದಿಟ್ಟುಕೊಳ್ಳಲು ಸ್ಟಾರ್ಟರ್ ಪಕ್ಕ ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಕೂರಿಸಿದ್ದೇನೆ. ಆ ಬೋರ್ಡಿಗೆ ವೈಫೈ ಇಲ್ಲ, ಬ್ಲೂಟೂತ್ ಇಲ್ಲ. ಸಿಮ್ ಹಾಕಿ ತಿಂಗಳು ತಿಂಗಳು ರೀಚಾರ್ಜ್ ಮಾಡಿಸಲು ನನಗೆ ಮನಸ್ಸಿಲ್ಲ. ಒಂದು ಬಿಳಿ ಎಲ್‌ಇಡಿ, ಒಂದು ರೆಸಿಸ್ಟರ್ ಇದ್ದರೆ ಸಾಕು. ಎಲ್‌ಇಡಿ ಕಣ್ಣಿಗೆ ಗೊತ್ತಾಗದಷ್ಟು ಬೇಗ ಹತ್ತಿ ಆರುತ್ತಾ ಲೆಕ್ಕ ಒಪ್ಪಿಸುತ್ತದೆ. ಅದನ್ನು ಓದುವುದು ಯಾವುದರಿಂದ ಅನ್ನುವುದೇ ಪ್ರಶ್ನೆ.

ಫೋಟೋಡಯೋಡ್ ಅಂದರೆ ಬೆಳಕು ಬಿದ್ದರೆ ಕರೆಂಟು ಹರಿಸುವ ಪುಟ್ಟ ಸೆನ್ಸರ್. ಅದರ ವೇಗಕ್ಕೆ ಉಳಿದೆರಡೂ ಸಾಟಿಯಲ್ಲ. ಸಂಶೋಧಕ ಹರಾಲ್ಡ್ ಹಾಸ್ 2011ರಲ್ಲಿ ದೀಪದ ಬೆಳಕಿನಲ್ಲೇ ಮಾಹಿತಿ ಕಳಿಸುವುದನ್ನು ಲೈಫೈ ಎಂದು ಜಗತ್ತಿಗೆ ತೋರಿಸಿದ್ದು ಇಂಥ ಬೆಳಕಿನ ಸೆನ್ಸರ್ ನಂಬಿಕೊಂಡೇ. ನಾನು ಹಾಕಿದ್ದು ಬಿಪಿಡಬ್ಲ್ಯು34 ಎಂಬ ಫೋಟೋಡಯೋಡ್, ಅದರ ಸಣ್ಣ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್ ಜೊತೆಗೆ. ಆದರೆ ಬಾಗಿಲು ತೆಗೆದು ಬಿಸಿಲು ಒಳಗೆ ಬಿದ್ದರೆ ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿ ನಿಂತುಬಿಡುತ್ತದೆ, ಎಲ್‌ಇಡಿಯ ಮಿನುಗು ಅದಕ್ಕೆ ತಿಳಿಯುವುದೇ ಇಲ್ಲ. ಬೇರೆ ಬ್ಯಾಟರಿ, ಬೇರೆ ಡಬ್ಬಿ, ಬೇರೆ ಡಿಸ್‌ಪ್ಲೇ ಹೊತ್ತುಕೊಂಡೇ ಗದ್ದೆಗೆ ಹೋಗಬೇಕು. ನಾಲ್ಕು ಸಂಖ್ಯೆ ಓದಲು ಇಷ್ಟೆಲ್ಲ ಯಾಕೆ?

ವೆಬ್‌ಕ್ಯಾಮಿನ ಕಾಟ ಮಾತ್ರ ಬಿಡಿಸಿ ಹೇಳಬೇಕು. ಸಾಮಾನ್ಯ ಕ್ಯಾಮೆರಾ ಇಡೀ ಚಿತ್ರವನ್ನು ಒಂದೇ ಸಲ ಹಿಡಿಯುವುದಿಲ್ಲ, ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಇದೇ ರೋಲಿಂಗ್ ಶಟರ್. ಒಂದು ಸಾಲು ಓದುವಾಗ ಎಲ್‌ಇಡಿ ಹತ್ತಿರುತ್ತದೆ, ಮುಂದಿನ ಸಾಲುಗಳಿಗೆ ಬರುವಷ್ಟರಲ್ಲಿ ಆರಿರುತ್ತದೆ. ಹಾಗಾಗಿ ಚಿತ್ರದಲ್ಲಿ ಕಂಬಳಿಯ ಅಂಚಿನಂತೆ ಕಪ್ಪು ಬಿಳಿ ಪಟ್ಟೆಗಳು ಮೂಡುತ್ತವೆ. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾ ಸಾವಿರಾರು ಸಲ ಮಿನುಗುವ ಬೆಳಕನ್ನು ಓದುವುದು ಈ ಪಟ್ಟೆಗಳಿಂದಲೇ.

ಪಟ್ಟೆ ಮೂಡಬೇಕಾದರೆ ಎಕ್ಸ್‌ಪೋಶರ್, ಅಂದರೆ ಒಂದೊಂದು ಸಾಲೂ ಬೆಳಕು ಹೀರುವ ಹೊತ್ತು (ಕ್ಯಾಮೆರಾದಲ್ಲಿ ಶಟರ್ ಅಂತ ಇರುವುದೂ ಇದೇ), ತೀರಾ ಚಿಕ್ಕದಿರಬೇಕು. ನನ್ನ ಎಲ್‌ಇಡಿಯಲ್ಲಿ ಒಂದು ಬಿಟ್‌ಗೆ, ಅಂದರೆ ಒಂದು 0 ಅಥವಾ 1 ಹೇಳಲು, ಅರ್ಧ ಮಿಲಿಸೆಕೆಂಡ್. ಶಟರ್ 1/4000 ಸೆಕೆಂಡ್ ಇದ್ದರೆ, ಅಂದರೆ ಕಾಲು ಮಿಲಿಸೆಕೆಂಡ್, ಪಟ್ಟೆ ಗೆರೆ ಎಳೆದಂತೆ ಬರುತ್ತದೆ. ಅದೇ 1/30ಕ್ಕೆ ಹೋದರೆ ಒಂದೊಂದು ಸಾಲಿನಲ್ಲೂ ಅರವತ್ತಕ್ಕೂ ಹೆಚ್ಚು ಬಿಟ್‌ಗಳು ಕಲಸಿಹೋಗಿ ಬರೀ ಬೂದಿ ಬಣ್ಣ. ಪಂಪ್‌ಹೌಸ್ ಒಳಗೆ ಕತ್ತಲೆ. ವೆಬ್‌ಕ್ಯಾಮ್ ಕತ್ತಲೆ ಕಂಡ ಕೂಡಲೇ ತಾನಾಗಿಯೇ ಎಕ್ಸ್‌ಪೋಶರ್ ಏರಿಸುತ್ತದೆ. ಸೆಟಿಂಗಿನಲ್ಲಿ ಮ್ಯಾನ್ಯುಯಲ್ ಅಂತ ಇದೆ, ಒತ್ತಿದರೆ ಒಪ್ಪಿಕೊಂಡಂತೆ ತೋರಿಸುತ್ತದೆ. ಕೇಬಲ್ ಕಿತ್ತು ಹಾಕಿದರೆ ಮತ್ತೆ ಆಟೋಗೆ ಬಂದಿರುತ್ತದೆ. ಲ್ಯಾಪ್‌ಟಾಪನ್ನು ಬದುವಿನ ಮೇಲೆ ಹೊತ್ತುಕೊಂಡು ಹೋಗಿ, ಮೋಟರ್ ಸದ್ದಿನಲ್ಲಿ ಕೂತು, ಪ್ರತಿ ಸಲ ಇದನ್ನೇ ಮಾಡಬೇಕು. ಅಂಗಡಿಯಲ್ಲಿ ಕೇಳಿದರೆ ವಿಡಿಯೋ ಕಾಲ್‌ಗೆ ಚೆನ್ನಾಗಿದೆಯಲ್ಲ ಸಾರ್ ಅಂದರು. ಅದು ನಿಜವೇ.

ಫೋನಿನಲ್ಲಿ ಈ ಗೋಳಿಲ್ಲ. ಸೆಟಿಂಗು ನಾವೇ ಇಡುವ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ 1/4000 ಸಿಗುತ್ತದೆ, ನಾನು ಬರೆದುಕೊಂಡ ಆ್ಯಪಿನಿಂದಲೂ ಅದನ್ನು ಹಿಡಿದು ನಿಲ್ಲಿಸಬಹುದು. ಎಲ್ಲ ಫೋನೂ ಇದಕ್ಕೆ ಬಗ್ಗುವುದಿಲ್ಲ, ಕೊಳ್ಳುವ ಮುಂಚೆ ಪ್ರೊ ಮೋಡ್ ತೆಗೆದು ನೋಡಿ. ಬಿಸಿಲಿಗೂ ಹೆದರಬೇಕಿಲ್ಲ, ಶಟರ್ ಚಿಕ್ಕದಾದಷ್ಟೂ ಸುತ್ತಲಿನ ಬೆಳಕು ಹಿಂದೆ ಸರಿಯುತ್ತದೆ.

ಬರೀ ಎಲ್‌ಇಡಿ ಚುಕ್ಕಿಯಷ್ಟೇ ಕಾಣುವುದರಿಂದ ಪಟ್ಟೆಗೆ ಸಾಲು ಸಾಲದು. ಅದಕ್ಕೆ ಹಾಲುಬಿಳಿ ಡಬ್ಬಿಯ ಮುಚ್ಚಳ ಅಡ್ಡ ಇಟ್ಟು, ಫೋನನ್ನು ಒಂದು ಗೇಣು ದೂರಕ್ಕೆ ತಂದೆ. ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ನಡುವೆ ಕ್ಯಾಮೆರಾ ಕುರುಡು. ಆ ಸಂದಿಯಲ್ಲಿ ಬಿದ್ದುಹೋದದ್ದು ಮುಂದಿನ ಸುತ್ತಿನಲ್ಲಿ ಸಿಗಲಿ ಎಂದು ಎಲ್‌ಇಡಿ ಅದೇ ಮಾತನ್ನು ಹೇಳುತ್ತಲೇ ಇರುತ್ತದೆ. ಕಣ್ಣಿಗೆ ದೀಪ ಸುಮ್ಮನೆ ಉರಿದಂತೆ ಕಾಣಲು ಮ್ಯಾಂಚೆಸ್ಟರ್ ಕೋಡಿಂಗ್ ಹಾಕಿದೆ, ಅದರಲ್ಲಿ ಪ್ರತಿ ಬಿಟ್‌ನಲ್ಲೂ ದೀಪ ಅರ್ಧ ಹೊತ್ತು ಹತ್ತಿ ಅರ್ಧ ಹೊತ್ತು ಆರಿರುತ್ತದೆ.

"ಟಾರ್ಚ್ ಹಿಡ್ಕಂಡು ಮೀಟ್ರು ನೋಡೋದು ತಪ್ತು ಕಣ್ಲಾ" ಅಂದರು ಅಪ್ಪ. ಅವರು ಗದ್ದೆಗೆ ಹೋಗುವಾಗ ಫೋನಂತೂ ಜೇಬಿನಲ್ಲಿ ಇದ್ದೇ ಇರುತ್ತದೆ, ನನಗೆ ಅದೇ ಮುಖ್ಯ. ಫೋಟೋ, ಆಡಿಯೋ ಕಳಿಸುವಷ್ಟು ವೇಗ ಬೇಕೆಂದರೆ ಫೋಟೋಡಯೋಡಿಗೇ ಹೋಗಿ. ದಿನಕ್ಕೊಂದು ಸಲ ನಾಲ್ಕು ಸಂಖ್ಯೆ ಸಾಕು ಅನ್ನುವವರು ಹೊಸದಾಗಿ ಏನನ್ನೂ ಕೊಳ್ಳಬೇಡಿ, ಮನೆಯಲ್ಲಿರುವ ಹಳೇ ಫೋನಿಗೆ ಚಾರ್ಜ್ ಹಾಕಿ.